ಒಂಬತ್ತರ ಲೆಕ್ಕ

ತಾಳೆಹಲಗೆಗೆ ಎಂಟು ತೂತು,
ಎಂಟು ತೂತಿಗೆ ಎಂಟು ಪುಶ್‌ರಾಡು.
ಗ್ರೀಸು ಮೆತ್ತಿ, ಲಾರಿಯ ಟ್ಯೂಬಿನಲ್ಲಿ ಸುತ್ತಿ
ಕೋಳಿಗೂಡಿನ ಕೆಳಗೆ ಹೂತಿಟ್ಟಿದ್ದರು
ಊರಿಗೆ ಊರೇ ಎದ್ದು ಹೊರಟ ಆ ವರ್ಷ.
ಹಿಂದಿರುಗಿದಾಗ ಸೂರಿಲ್ಲ, ಬಾಗಿಲಿಲ್ಲ,
ಬಾವಿಯ ರಾಟೆಯನ್ನೂ ಯಾರೋ ಬಿಚ್ಚಿಕೊಂಡಿದ್ದರು.
ಹಲಗೆ ಇತ್ತು.

ತೂತಿನ ಪಕ್ಕ ಮೊಳೆಯಲ್ಲಿ ಗೀರಿದ ಅಂಕಿ, ಒಂದರಿಂದ ಎಂಟು.
ಒಂದು ಅಂದರೆ ಯಾವ ಕಡೆಯ ಒಂದು?

ರೇಡಿಯೇಟರಿನ ಕಡೆಯದು, ಎನ್ನುತ್ತಾರೆ ಸೆಲ್ಲತುರೈ.
ಲೋಕವೆಲ್ಲ ಮುಂದಿನಿಂದಲೇ ಎಣಿಸೋದು.
ಸ್ಟೇರಿಂಗಿನ ಕಡೆಯದು, ಎನ್ನುತ್ತಾರೆ ಅರುಳಪ್ಪು.
ಗೀರಿದ ಕೈ ನಂದು.
ಇಬ್ಬರೂ ಎಪ್ಪತ್ತು ದಾಟಿದವರು,
ನೆಲ್ಲಿಯಡಿಯ ಈ ಶೆಡ್ಡಿನಲ್ಲಿ
ಒಂದೇ ಸ್ಪ್ಯಾನರ್ ಸೆಟ್ಟಿನ ಇಬ್ಬರು ಮಾಲೀಕರು.
ನಡುವೆ ನಾನು, ಮೊಣಕೈತನಕ ಎಣ್ಣೆ,
ಐವತ್ತೆಂಟರ ಆಸ್ಟಿನ್ ಕೇಂಬ್ರಿಡ್ಜಿನ ಮುಂದೆ.
ಚಿಕ್ಕಮ್ಮನ ಮದುವೆಗೆ ಓಡಿದ ಕಾರಂತೆ. ನಾನಾಗ ಹುಟ್ಟಿರಲಿಲ್ಲ.

ಎಂಟೂ ಒಂದೇ ಉದ್ದ, ಒಂದೇ ತೂಕ. ಆದರೂ
ಮೂವತ್ತೇಳು ವರ್ಷ ಒಂದೇ ಟ್ಯಾಪೆಟ್ಟಿನ ಕುಳಿಯಲ್ಲಿ ಕೂತೆದ್ದ ತುದಿ
ಇನ್ನೊಂದರಲ್ಲಿ ಕೂರಲೊಲ್ಲದು.
ಬೇರೆಯವರ ಚಪ್ಪಲಿ ಮೆಟ್ಟಿದ ಹಾಗೆ,
ಕಚ್ಚುತ್ತದೆ.

ವಾಲ್ವು ಮಸೆದದ್ದು ನಿನ್ನೆ.
ರಬ್ಬರು ಬಟ್ಟಲಿನ ಕೋಲು ಅಂಗೈಗಳ ನಡುವೆ,
ಮಜ್ಜಿಗೆ ಕಡೆದ ಹಾಗೆ ಹಿಂದಕ್ಕೆ, ಮುಂದಕ್ಕೆ,
ಸೀಟಿನ ಸುತ್ತ ಬೂದುಬಣ್ಣದ ಉಂಗುರ ಮೂಡುವ ತನಕ.
ಸ್ಪ್ರಿಂಗು ಒತ್ತಿಹಿಡಿದು, ಕಡಲೆಬೇಳೆಯಷ್ಟೇ ಇರುವ ಕಾಟರನ್ನು
ಗ್ರೀಸಿನ ಅಂಟಿನಲ್ಲಿ ಕೂರಿಸುವಾಗ ಒಂದು ಚಿಮ್ಮಿ ಹಾರಿತು.
ಮೂವರೂ ಮಂಡಿಯೂರಿ, ಅಯಸ್ಕಾಂತ ಹಿಡಿದು ನೆಲ ಸೋಸಿದೆವು.
ಕೋಳಿಯ ಕೊಕ್ಕಿಗೆ ಒಂದು ಗೇಣು ಮೊದಲು ಸಿಕ್ಕಿತು.
ಅಷ್ಟು ಹೊತ್ತು ಮಾತ್ರ ಜಗಳವಿರಲಿಲ್ಲ.

ಇವತ್ತು ಹಲಗೆಯ ಒಂದನ್ನು ಗಾಜಿನ ಮೇಲೆ ಉರುಳಿಸಿದೆ.
ತಟಕ್. ತಟಕ್.
ಕೂದಲೆಳೆಯಷ್ಟು ಬಾಗು.
ರಾಡು ಬಾಗಬೇಕಾದರೆ ವಾಲ್ವು ಅಂಟಿರಬೇಕು.
ಪೆಟ್ರೋಲೇ ಇಲ್ಲದ ವರ್ಷಗಳಲ್ಲಿ ಇಡೀ ಜಾಫ್ನಾ ಓಡಿದ್ದು
ಸೀಮೆಎಣ್ಣೆಯಲ್ಲಿ. ಅದರ ಮಸಿ ಕಲ್ಲಾಗಿ ಕಟ್ಟಿದ್ದ ಗೈಡು,
ಅರ್ಧ ದಿನ ನಾನೇ ಕೆರೆದದ್ದು,
ಸ್ಟೇರಿಂಗಿನ ಕಡೆಯ ಕೊನೆಯದು.

ಅರುಳಪ್ಪು ಗೆದ್ದೆ ಅನ್ನಲಿಲ್ಲ. ಚಹಾ ಆಯಿತೇ ಪಿಳ್ಳೈ, ಅಂದರು.
ಲೋಟ ಅರ್ಧವಾದ ಮೇಲೆ, ಯಾರಿಗೂ ಅಲ್ಲವೆಂಬಂತೆ:
ಕಾರು ಗೋಡೆಗೆ ಮೂತಿ ಒತ್ತಿ ನಿಂತಿತ್ತು.
ಮುಂದೆ ನಿಲ್ಲಲು ಜಾಗ ಇರಲಿಲ್ಲ. ಹೊರಗೆ ಶೆಲ್ಲು ಬೀಳ್ತಿತ್ತು.
ಲಾಟೀನು ಹಿಡಿದವನು ನೀನು, ತುರೈ.
ಸೆಲ್ಲತುರೈ ಫೀಲರ್ ಗೇಜಿನ ಎಲೆ ಒರೆಸುತ್ತ ಕೂತರು,
ಒರೆಸಿದ್ದನ್ನೇ ಮತ್ತೆ.

ಹದಿನೈದು ಥೌ. ಎಳೆದರೆ ಎಲೆ ಬರಬೇಕು,
ಒಲ್ಲದ ಮನಸ್ಸಿನಿಂದ.
ಎಂಟು ಪೂರ್ತಿ ಬಾಯಿಬಿಟ್ಟಾಗ ಒಂದನ್ನು ಹೊಂದಿಸು,
ಆರು ತೆರೆದಾಗ ಮೂರು, ನಾಲ್ಕು ತೆರೆದಾಗ ಐದು.
ಎರಡೂ ಕೂಡಿ ಒಂಬತ್ತು, ಯಾವಾಗಲೂ ಒಂಬತ್ತು.
ಮುಂದಿನಿಂದ ಎಣಿಸು, ಹಿಂದಿನಿಂದ ಎಣಿಸು,
ಈ ಲೆಕ್ಕಕ್ಕೆ
ಯಾವ ಒಂದಾದರೂ ಒಂದೇ.

ಸೆಲ್ಲತುರೈ ಹ್ಯಾಂಡಲ್ಲು ಹಾಕಿ ತಿರುಗಿಸುತ್ತಾರೆ,
ಅರುಳಪ್ಪು ಎಣಿಸುತ್ತಾರೆ, ನಾನು ಸ್ಕ್ರೂ ಬಿಗಿಯುತ್ತೇನೆ.
ಹೊಸ ಎಣ್ಣೆಯಲ್ಲಿ ಮಿಂದ ರಾಕರುಗಳು
ಒಂದಾದ ಮೇಲೊಂದು ಹೂಂಗುಟ್ಟುತ್ತವೆ,
ಕತೆ ಎಲ್ಲಿ ನಿಂತಿತ್ತೋ ಅಲ್ಲಿಂದ.

ಟ್ಯಾಂಕಿನಲ್ಲಿ ಈಗ ನಿಜವಾದ ಪೆಟ್ರೋಲು, ರಸೀದಿ ನನ್ನ ಹತ್ತಿರವೇ ಇದೆ.
ಆದರೂ ಸ್ಟಾರ್ಟ್ ಮಾಡುವ ಮುನ್ನ ಸೆಲ್ಲತುರೈ
ತಿರುಗಿ ನೋಡದೆ ಅಂಗೈ ಚಾಚುತ್ತಾರೆ,
ಕಾರ್ಬ್ಯುರೇಟರಿನ ಬಾಯಿಗೆ ನಾಲ್ಕು ಹನಿ ಬಿಡಲೆಂದು
ಆಗೆಲ್ಲ ಜೊತೆಗಿರುತ್ತಿದ್ದ
ಕಣ್ಣಿನ ಔಷಧಿಯ ಪುಟ್ಟ ಶೀಸೆಗೆ.

ಅರುಳಪ್ಪು ಜೇಬು ತಡವಿಕೊಳ್ಳುತ್ತಾರೆ.